ಮುಟ್ಟು ನಿಲ್ಲುವ ಮೊದಲೇ

ನಮ್ಮಲ್ಲಿ ಬಸಿರಿನ ಸುದ್ದಿ ಹೊರಬೀಳುವುದು ತಡವಾಗಿ. ತಿಂಗಳು ನಿಂತ ಮೇಲೆ ಒಂದು ವಾರ, ಹತ್ತು ದಿನ ಕಾಯುತ್ತಾರೆ. ಆಮೇಲೆ ಮೆಡಿಕಲ್ ಶಾಪಿನಿಂದ ಕಿಟ್ ತರಿಸಿ ನೋಡುತ್ತಾರೆ. ಎರಡು ಗೆರೆ ಮೂಡಿದರೆ ಗಂಡನಿಗೆ, ತವರಿನಲ್ಲಿ ಅಮ್ಮನಿಗೆ ಹೇಳುತ್ತಾರೆ. ‘ಮೂರು ತಿಂಗಳು ತುಂಬೋವರೆಗೂ ಯಾರ ಹತ್ರನೂ ಬಾಯಿ ಬಿಡಬೇಡ’ ಎಂದು ಅಮ್ಮ ಎಚ್ಚರಿಸುತ್ತಾರೆ. ಡಾಕ್ಟರ ಬಳಿಗೆ ಹೋಗುವ ಹೊತ್ತಿಗೆ ಎರಡು ತಿಂಗಳು ತುಂಬುತ್ತಾ ಬಂದಿರುತ್ತದೆ. ಬಯಕೆ ಊಟ, ಹಸಿರು ಬಳೆ, ಸೀಮಂತ ಎಲ್ಲ ಇನ್ನೂ ಆಮೇಲಿನ ಮಾತು. ಬಸುರಿಯ ಬಗ್ಗೆ ನಮ್ಮ ಮನೆಗಳಲ್ಲಿ ಅಕ್ಕರೆಗೆ ಕೊರತೆಯಿಲ್ಲ. ಆದರೆ ಆ ಅಕ್ಕರೆ ಶುರುವಾಗುವುದು ಬಸಿರು ಗೊತ್ತಾದ ಮೇಲೆ. ಭ್ರೂಣದ ದೃಷ್ಟಿಯಿಂದ ನೋಡಿದರೆ ಅಷ್ಟರಲ್ಲಿ ಬಹಳಷ್ಟು ಮುಗಿದುಹೋಗಿರುತ್ತದೆ.

ಡಾಕ್ಟರು ಬಸಿರಿನ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ಕಟ್ಟುವುದು ಅದಾಗಿ ಸುಮಾರು ಎರಡು ವಾರಕ್ಕೆ. ಇಪ್ಪತ್ತೆಂಟು ದಿನಕ್ಕೊಮ್ಮೆ ಸರಿಯಾಗಿ ಮುಟ್ಟಾಗುವ ಹೆಣ್ಣುಮಗಳಿಗೆ ‘ಇವತ್ತು ಆಗಬೇಕಿತ್ತು, ಆಗಲಿಲ್ಲವಲ್ಲ’ ಅನ್ನಿಸುವ ದಿನ ಭ್ರೂಣಕ್ಕೆ ಆಗಲೇ ಎರಡು ವಾರ ವಯಸ್ಸು. ಇನ್ನು ನಾಲ್ಕೈದು ದಿನದಲ್ಲಿ ಅದರ ಬೆನ್ನಿನ ಭಾಗದಲ್ಲಿ ಜೀವಕೋಶಗಳ ಒಂದು ತೆಳುವಾದ ಹಾಳೆ ದಪ್ಪಗಾಗುತ್ತದೆ. ಹಾಳೆಯ ನಡುವೆ ಉದ್ದಕ್ಕೂ ಒಂದು ತಗ್ಗು ಬೀಳುತ್ತದೆ. ಕಾವಲಿಯ ಮೇಲಿನ ದೋಸೆಯ ಎರಡೂ ಅಂಚನ್ನು ಮೇಲೆತ್ತಿ ನಡುವೆ ಕೂಡಿಸಿದಂತೆ, ಆ ಹಾಳೆಯ ಎರಡು ಅಂಚುಗಳೂ ಎದ್ದು ಬಾಗಿ ಒಂದಕ್ಕೊಂದು ತಾಗಿ ಬೆಸೆದುಕೊಳ್ಳುತ್ತವೆ. ಹೀಗೆ ಉಂಟಾದ ಕೊಳವೆಗೆ ನರಕೊಳವೆ ಎಂದು ಹೆಸರು. ಮುಂದೆ ಮಿದುಳು, ಬೆನ್ನುಹುರಿ ಎರಡೂ ರೂಪುಗೊಳ್ಳುವುದು ಇದರಿಂದಲೇ.

ಬೆಸುಗೆ ಮೊದಲು ಬೀಳುವುದು ಕುತ್ತಿಗೆಯ ಭಾಗದಲ್ಲಿ. ಅಲ್ಲಿಂದ ಒಂದು ಕಡೆ ತಲೆಯತ್ತ, ಇನ್ನೊಂದು ಕಡೆ ಸೊಂಟದತ್ತ ಸಾಗುತ್ತದೆ. ತಲೆಯ ತುದಿ ಮುಚ್ಚುವುದು ಗರ್ಭ ಕಟ್ಟಿ ಸುಮಾರು ಇಪ್ಪತ್ತೈದನೆಯ ದಿನಕ್ಕೆ, ಬಾಲದ ತುದಿ ಇಪ್ಪತ್ತೆಂಟನೆಯ ದಿನದೊಳಗೆ. ಭ್ರೂಣ ಆಗ ಅಕ್ಕಿಕಾಳಿಗಿಂತಲೂ ಚಿಕ್ಕದು. ಅಮ್ಮನ ಲೆಕ್ಕದಲ್ಲಿ ಮುಟ್ಟು ತಪ್ಪಿ ಎರಡೇ ವಾರ. ಎಷ್ಟೋ ಮಂದಿ ಆಗಿನ್ನೂ ಕಿಟ್ ಕೂಡ ತರಿಸಿರುವುದಿಲ್ಲ.

ತಲೆಯ ತುದಿ ಮುಚ್ಚದೆ ಉಳಿದರೆ ಮಿದುಳಿನ ಬಹುಭಾಗ, ಮೇಲಿನ ತಲೆಬುರುಡೆ ಬೆಳೆಯುವುದೇ ಇಲ್ಲ. ಅಂಥ ಮಗು ಬದುಕುವುದಿಲ್ಲ. ಕೆಳಗಿನ ತುದಿ ತೆರೆದೇ ಉಳಿದರೆ ಬೆನ್ನುಮೂಳೆಯ ಕಮಾನು ಕೂಡಿಕೊಳ್ಳದೆ ಬೆನ್ನುಹುರಿ ಹೊರಗೆ ಚಾಚಿಕೊಂಡ ಮಗು ಹುಟ್ಟುತ್ತದೆ. ಹುಟ್ಟಿದ ಕೂಡಲೇ ಶಸ್ತ್ರಚಿಕಿತ್ಸೆ ಮಾಡಿ ಬೆನ್ನು ಮುಚ್ಚಬಹುದು. ತಲೆಯಲ್ಲಿ ನೀರು ತುಂಬಿದರೆ ನಳಿಕೆ ಇಟ್ಟು ಹೊಟ್ಟೆಗೆ ಹರಿಸಬಹುದು. ಆದರೆ ಕಾಲಿನ ಬಲ, ಮೂತ್ರದ ಹಿಡಿತ ಎಷ್ಟೋ ಮಕ್ಕಳಿಗೆ ಪೂರ್ತಿ ದಕ್ಕುವುದಿಲ್ಲ. ಮಗುವನ್ನು ಎತ್ತಿಕೊಂಡು ಊರಿಂದೂರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ತಾಯಂದಿರು ಕೇಳುವ ಪ್ರಶ್ನೆ ಒಂದೇ: ‘ನಾನೇನು ತಪ್ಪು ಮಾಡಿದೆ?’ ಅವರು ಯಾವ ತಪ್ಪನ್ನೂ ಮಾಡಿರುವುದಿಲ್ಲ. ಹೇಳಬೇಕಾದ ಮಾತನ್ನು ಹೇಳಬೇಕಾದ ಹೊತ್ತಿನಲ್ಲಿ ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೆ. ಆ ಮಾತು ಏನೆಂಬುದನ್ನು ತಿಳಿಯಲು ವಿಜ್ಞಾನಕ್ಕೆ ಅರವತ್ತು ವರ್ಷ ಹಿಡಿಯಿತು. ಆ ಕಥೆ ಶುರುವಾದದ್ದು ನಮ್ಮ ದೇಶದಲ್ಲೇ, ಮುಂಬಯಿಯ ಬಟ್ಟೆ ಗಿರಣಿಗಳ ಕೇರಿಗಳಲ್ಲಿ.

1928ರಲ್ಲಿ ಇಂಗ್ಲೆಂಡಿನಿಂದ ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬಯಿಗೆ ಬಂದರು. ಗಿರಣಿಯಲ್ಲಿ ದುಡಿಯುವ ಬಸುರಿಯರನ್ನು ಒಂದು ಬಗೆಯ ತೀವ್ರ ರಕ್ತಹೀನತೆ ಕಾಡುತ್ತಿತ್ತು. ಕಬ್ಬಿಣದ ಕೊರತೆಯಲ್ಲಿ ಕೆಂಪು ರಕ್ತಕಣಗಳು ಸಣ್ಣಗಾಗುತ್ತವೆ. ಈ ಹೆಂಗಸರ ರಕ್ತಕಣಗಳಾದರೋ ಊದಿಕೊಂಡು ದೊಡ್ಡದಾಗಿದ್ದವು. ಸೋಂಕು ಇರಬಹುದೇ ಎಂದು ವಿಲ್ಸ್ ಹುಡುಕಿದರು, ಸಿಗಲಿಲ್ಲ. ಆಮೇಲೆ ಆ ಹೆಂಗಸರು ಏನು ಉಣ್ಣುತ್ತಾರೆಂದು ನೋಡತೊಡಗಿದರು. ಕೂನೂರಿನ ಪ್ರಯೋಗಾಲಯದಲ್ಲೂ ಕೆಲವು ತಿಂಗಳು ಕೆಲಸ ಮಾಡಿದರು. ಇಲಿಗಳಿಗೂ ಮಂಗಗಳಿಗೂ ಆ ಬಡ ಹೆಂಗಸರ ಊಟವನ್ನೇ ಕೊಟ್ಟು ನೋಡಿದರು. ಕೊನೆಗೆ ಮದ್ದಾಗಿ ಒದಗಿದ್ದು ಇಂಗ್ಲೆಂಡಿನಲ್ಲಿ ಜನ ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ಮಾರ್ಮೈಟ್ ಎಂಬ ಯೀಸ್ಟ್ ಸಾರ. ಅದನ್ನು ಕೊಟ್ಟ ಬಸುರಿಯರ ರಕ್ತ ಕೆಲವೇ ದಿನಗಳಲ್ಲಿ ತುಂಬಿಕೊಳ್ಳತೊಡಗಿತು. 1931ರಲ್ಲಿ ವಿಲ್ಸ್ ಇದನ್ನು ಪ್ರಕಟಿಸಿದರು. ಯೀಸ್ಟಿನಲ್ಲಿ ಇರುವುದು ಏನೆಂದು ಗೊತ್ತಿರಲಿಲ್ಲವಾದ್ದರಿಂದ ಅದಕ್ಕೆ ಬಹುಕಾಲ ‘ವಿಲ್ಸ್ ಅಂಶ’ ಎಂಬ ಹೆಸರೇ ನಿಂತಿತು.

ಹತ್ತು ವರ್ಷದ ಮೇಲೆ, 1941ರಲ್ಲಿ, ಅಮೆರಿಕದ ಟೆಕ್ಸಸ್‌ನಲ್ಲಿ ರಾಶಿ ರಾಶಿ ಪಾಲಕ್ ಸೊಪ್ಪನ್ನು ಅರೆದು, ಸೋಸಿ ಅದೇ ಬಗೆಯ ವಸ್ತುವನ್ನು ಬೇರ್ಪಡಿಸಿದರು. ಎಲೆಯಿಂದ ಬಂದದ್ದೆಂದು ಫೋಲಿಕ್ ಆಸಿಡ್ ಎಂದು ಕರೆದರು. 1945ರಲ್ಲಿ ಲೆಡರ್ಲಿ ಕಂಪನಿಯ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದರು. ಆ ತಂಡದ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ತಂಡವೇ ಫೋಲಿಕ್ ಆಸಿಡ್‌ಗೆ ಒಂದು ಎದುರಾಳಿಯನ್ನೂ ತಯಾರಿಸಿತು. ಅಮಿನಾಪ್ಟರಿನ್ ಎಂಬ ಈ ವಸ್ತು ಜೀವಕೋಶವನ್ನು ವಂಚಿಸಿ ಫೋಲಿಕ್ ಆಸಿಡ್ ತನ್ನ ಕೆಲಸ ಮಾಡದಂತೆ ತಡೆಯುತ್ತದೆ. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಇದನ್ನೇ ಬಳಸಿ ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ರೋಗವನ್ನು ತಾತ್ಕಾಲಿಕವಾಗಿ ಹಿಮ್ಮೆಟ್ಟಿಸಿದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಐವತ್ತರ ದಶಕದ ಆರಂಭದಲ್ಲಿ ಗರ್ಭಪಾತಕ್ಕೆಂದು ಅಮಿನಾಪ್ಟರಿನ್ ಕೊಟ್ಟ ಕೆಲವು ಬಸಿರುಗಳಲ್ಲಿ ಭ್ರೂಣಗಳ ತಲೆಯ ಭಾಗ ವಿಕಾರವಾಗಿರುವುದು ಕಂಡಿತು. ಫೋಲಿಕ್ ಆಸಿಡ್‌ಗೂ ಮಗುವಿನ ತಲೆ-ಬೆನ್ನುಗಳಿಗೂ ನಂಟಿದೆ ಎಂಬ ಮೊದಲ ಸುಳಿವು ಹೀಗೆ ಕ್ರೂರವಾದ ದಾರಿಯಲ್ಲಿ ಸಿಕ್ಕಿತು.

ನಂಟು ಯಾಕೆಂದರೆ, ಜೀವಕೋಶ ಒಡೆದು ಎರಡಾಗಬೇಕಾದರೆ ತನ್ನ ಡಿಎನ್‌ಎಯ ಇನ್ನೊಂದು ಪ್ರತಿಯನ್ನು ಬರೆದುಕೊಳ್ಳಬೇಕು. ಆ ಬರಹದ ನಾಲ್ಕು ಅಕ್ಷರಗಳಲ್ಲಿ ಒಂದಾದ ಥೈಮಿನ್ ತಯಾರಾಗಲು ಫೋಲೇಟ್, ಅಂದರೆ ಫೋಲಿಕ್ ಆಸಿಡ್‌ನ ಸಹಜ ರೂಪ, ಬೇಕೇ ಬೇಕು. ಅದು ಸಾಲದೆ ಬಂದರೆ ರಕ್ತಕಣಗಳು ಒಡೆಯಲಾರದೆ ಊದಿಕೊಳ್ಳುತ್ತವೆ. ಮುಂಬಯಿಯ ಬಸುರಿಯರಲ್ಲಿ ವಿಲ್ಸ್ ಕಂಡದ್ದು ಅದನ್ನೇ. ನರಕೊಳವೆಯ ಅಂಚುಗಳಲ್ಲಿ ಜೀವಕೋಶಗಳು ಶರವೇಗದಲ್ಲಿ ಒಡೆದು ಹೆಚ್ಚುತ್ತಿರುತ್ತವೆ. ಅಲ್ಲಿ ಎರಡು ದಿನ ತಡವಾದರೂ ಅಂಚುಗಳು ಕೂಡುವ ಹೊತ್ತು ಮೀರಿಹೋಗಬಹುದು.

1965ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಎಲಿಜಬೆತ್ ಹಿಬ್ಬರ್ಡ್ ಮತ್ತು ರಿಚರ್ಡ್ ಸ್ಮಿಥೆಲ್ಸ್ ಇಂಥ ಮಕ್ಕಳನ್ನು ಹೆತ್ತ ತಾಯಂದಿರ ಮೂತ್ರ ಪರೀಕ್ಷಿಸಿ, ಇವರಲ್ಲಿ ಫೋಲೇಟಿನ ಬಳಕೆಯೇ ಏರುಪೇರಾಗಿದೆ ಎಂದು ತೋರಿಸಿದರು. ಹಾಗಾದರೆ ಗರ್ಭ ಕಟ್ಟುವ ಮೊದಲೇ ವಿಟಮಿನ್ ಕೊಟ್ಟರೆ? ಸ್ಮಿಥೆಲ್ಸ್ ಕೊಟ್ಟು ನೋಡಿದರು. ಹಿಂದೊಮ್ಮೆ ಇಂಥ ಮಗುವನ್ನು ಹೆತ್ತಿದ್ದ, ಮತ್ತೆ ಮಗು ಬೇಕೆಂದಿದ್ದ ಹೆಂಗಸರು ಮುಂಚಿತವಾಗಿಯೇ ಫೋಲಿಕ್ ಆಸಿಡ್ ಇದ್ದ ವಿಟಮಿನ್ ಮಾತ್ರೆ ತೆಗೆದುಕೊಂಡರು. 1980ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮಾತ್ರೆ ತೆಗೆದುಕೊಂಡವರ 178 ಶಿಶು, ಭ್ರೂಣಗಳಲ್ಲಿ ಒಂದಕ್ಕೆ ಮಾತ್ರ ತೊಂದರೆ, ತೆಗೆದುಕೊಳ್ಳದವರ 260ರಲ್ಲಿ 13ಕ್ಕೆ. ಆದರೆ ಈ ಎರಡು ಗುಂಪುಗಳನ್ನು ಚೀಟಿ ಎತ್ತಿ ಮಾಡಿರಲಿಲ್ಲ. ಸ್ಮಿಥೆಲ್ಸ್ ಹಾಗೆ ಮಾಡಬೇಕೆಂದೇ ಇದ್ದರು, ನೈತಿಕ ಸಮಿತಿಗಳು ಒಪ್ಪಲಿಲ್ಲ. ಮಾತ್ರೆ ನಿಯಮದಿಂದ ನುಂಗುವವರು ಮೊದಲೇ ಆರೋಗ್ಯದ ಮೇಲೆ ನಿಗಾ ಇರುವವರು, ಫಲಿತಾಂಶ ಅದರಿಂದಲೂ ಬಂದಿರಬಹುದು ಎಂಬ ಆಕ್ಷೇಪ ಎದ್ದಿತು. ಆಕ್ಷೇಪ ನ್ಯಾಯವಾದದ್ದೇ.

ಅನುಮಾನ ತೀರಿಸಿದ್ದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಿಕೊಲಸ್ ವಾಲ್ಡ್ ಅವರ ನೇತೃತ್ವದಲ್ಲಿ ನಡೆಸಿದ ಪ್ರಯೋಗ. ಏಳು ದೇಶ, 33 ಕೇಂದ್ರ, 1,817 ಹೆಂಗಸರು. ಎಲ್ಲರೂ ಒಮ್ಮೆ ಇಂಥ ಬಸಿರನ್ನು ಅನುಭವಿಸಿದವರು. ಯಾರಿಗೆ ಯಾವ ಮಾತ್ರೆ ಎಂಬುದು ಅವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಫಲಿತಾಂಶ ಗೊತ್ತಾಗಿದ್ದ 1,195 ಬಸಿರುಗಳಲ್ಲಿ 27ಕ್ಕೆ ನರಕೊಳವೆಯ ದೋಷವಿತ್ತು: ಫೋಲಿಕ್ ಆಸಿಡ್ ಸಿಕ್ಕವರಲ್ಲಿ 6, ಸಿಗದವರಲ್ಲಿ 21. ಅಪಾಯ ನೂರಕ್ಕೆ 72ರಷ್ಟು ಇಳಿದಿತ್ತು. ಇನ್ನೂ ಮುಂದುವರಿಸುವುದು ಫೋಲಿಕ್ ಆಸಿಡ್ ಸಿಗದವರಿಗೆ ಮಾಡುವ ಅನ್ಯಾಯ ಎಂದು 1991ರಲ್ಲಿ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಮರುವರ್ಷ ಹಂಗೇರಿಯ ಎಂಡ್ರೆ ಚೈಜೆಲ್, ಹಿಂದೆ ಯಾವ ತೊಂದರೆಯೂ ಆಗದ ಹೆಂಗಸರಿಗೂ ಇದು ಅನ್ವಯಿಸುತ್ತದೆ ಎಂದು ತೋರಿಸಿದರು. ಫೋಲಿಕ್ ಆಸಿಡ್ ಇದ್ದ ಮಾತ್ರೆ ತೆಗೆದುಕೊಂಡವರ 2,104 ಬಸಿರುಗಳಲ್ಲಿ ಒಂದಕ್ಕೂ ದೋಷವಿರಲಿಲ್ಲ; ಇನ್ನೊಂದು ಗುಂಪಿನ 2,052ರಲ್ಲಿ 6ಕ್ಕೆ ಇತ್ತು.

ಈ ಎಲ್ಲ ಪ್ರಯೋಗಗಳಲ್ಲೂ ಮಾತ್ರೆ ಶುರುವಾದದ್ದು ಗರ್ಭ ಕಟ್ಟುವ ಮೊದಲು. ಗೆಲುವಿನ ಗುಟ್ಟು ಇರುವುದು ಅಲ್ಲೇ. ಎರಡು ತಿಂಗಳು ತುಂಬಿದ ಮೇಲೆ ಡಾಕ್ಟರು ಅದೇ ಮಾತ್ರೆ ಬರೆದುಕೊಟ್ಟರೆ ತಾಯಿಯ ರಕ್ತಕ್ಕೆ ಒಳ್ಳೆಯದು, ಮಗುವಿನ ಬೆಳವಣಿಗೆಗೆ ಒಳ್ಳೆಯದು, ಆದರೆ ಮುಚ್ಚದೆ ಉಳಿದ ಕೊಳವೆಯನ್ನು ಅದು ಮುಚ್ಚಲಾರದು.

ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಬಸುರಿಯರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಕೆಂಪು ಮಾತ್ರೆ ಎಲ್ಲರಿಗೂ ಪರಿಚಿತ. ಅದರಲ್ಲಿ ಕಬ್ಬಿಣವೂ ಇದೆ, ಫೋಲಿಕ್ ಆಸಿಡ್ಡೂ ಇದೆ. ಅದನ್ನು ದಿನಾ ನುಂಗಲು ಶುರುಮಾಡುವುದು ನಾಲ್ಕನೆಯ ತಿಂಗಳಿಂದ. ಮಗು ಬೇಕೆಂದಿರುವವರಿಗೆ ಮತ್ತು ಮೊದಲ ಮೂರು ತಿಂಗಳಿಗೆ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಬೇರೆಯಾಗಿಯೇ ಕೊಡಬೇಕೆಂದು ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಆದರೆ ಕೇಳಿಕೊಂಡು ಬಂದವರಿಗೆ ತಾನೇ ಕೊಡಲು ಸಾಧ್ಯ? ‘ಇನ್ನು ಮಗು ಮಾಡಿಕೊಳ್ಳೋಣ ಅಂತ ಇದೀವಿ’ ಎಂದು ಆಶಾ ಕಾರ್ಯಕರ್ತೆಯ ಬಳಿ ಹೋಗಿ ಹೇಳುವ ಸೊಸೆ ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ? ಪೇಟೆಯಲ್ಲೂ ಅಷ್ಟೇ. ಮದುವೆಯಾಗಿ ವರ್ಷವಾದರೂ ಬಸಿರಾಗದಿದ್ದರೆ ಡಾಕ್ಟರ ಬಳಿಗೆ ಹೋಗುವುದುಂಟು. ಏನೂ ತೊಂದರೆಯಿಲ್ಲದೆ, ಸುಮ್ಮನೆ ಸಿದ್ಧತೆಗೆಂದು ಹೋಗುವುದು ನಮಗಿನ್ನೂ ರೂಢಿಯಾಗಿಲ್ಲ. ಈ ಅಧ್ಯಾಯ ಬರೆಯುತ್ತಿರುವುದು ಆ ರೂಢಿ ಬರಲಿ ಎಂದೇ.

ಸೊಪ್ಪು ತಿಂದರೆ ಸಾಲದೇ ಎಂದು ಕೇಳುವವರಿದ್ದಾರೆ. ಸೊಪ್ಪು, ಕಡಲೆಕಾಳು, ಹೆಸರುಕಾಳು, ಅಲಸಂದೆ ಎಲ್ಲದರಲ್ಲೂ ಫೋಲೇಟ್ ಇದೆ, ದಿನಾ ತಿನ್ನಲೇಬೇಕು. ಆದರೆ ಈ ಫೋಲೇಟ್ ಬಹಳ ಸೂಕ್ಷ್ಮ. ಕುದಿಸಿದರೆ ಒಂದಷ್ಟು ಹಾಳಾಗುತ್ತದೆ, ಇನ್ನೊಂದಷ್ಟು ನೀರಿಗೆ ಇಳಿದುಬಿಡುತ್ತದೆ. ಸೊಪ್ಪನ್ನು ಬೇಯಿಸಿ ನೀರು ಚೆಲ್ಲುವವರು ಅದನ್ನೂ ಚೆಲ್ಲಿದಂತೆ. ಈ ವಿಷಯದಲ್ಲಿ ಹಳೇ ಮೈಸೂರಿನ ಬಸ್ಸಾರಿನ ಅಡುಗೆ ನನಗೆ ಬಹಳ ಮೆಚ್ಚು. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ಬಸಿದು, ಬಸಿದ ಕಟ್ಟನ್ನು ಒಂದು ಹನಿಯೂ ಬಿಡದೆ ಮಸಾಲೆಯೊಂದಿಗೆ ಸಾರಿಗೆ ಹಾಕುತ್ತಾರೆ. ಬಸಿದ ಸೊಪ್ಪು-ಕಾಳು ಪಲ್ಯವಾಗುತ್ತದೆ. ನೀರಿಗಿಳಿದದ್ದು ಮುದ್ದೆಯ ಜೊತೆ ತಟ್ಟೆಗೆ ವಾಪಸು ಬರುತ್ತದೆ. ಆದರೂ ಪ್ರಯೋಗಗಳಲ್ಲಿ ಸಾಬೀತಾದದ್ದು ಊಟದ ಜೊತೆಗೆ ಮಾತ್ರೆಯೂ ಇದ್ದಾಗಿನ ಫಲ. ಮಾತ್ರೆಯಲ್ಲಿರುವ ಫೋಲಿಕ್ ಆಸಿಡ್ ಸೊಪ್ಪಿನದ್ದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ.

ಮಾತ್ರೆಯ ಪ್ರಮಾಣ ಎಲ್ಲರಿಗೂ ಒಂದೇ ಅಲ್ಲ. ಹೆಚ್ಚಿನವರಿಗೆ ದಿನಕ್ಕೆ 400 ಮೈಕ್ರೊಗ್ರಾಂ ಸಾಕು. ಹಿಂದೆ ಇಂಥ ಮಗು ಆಗಿದ್ದವರಿಗೆ ಅದರ ಹತ್ತು ಪಟ್ಟು ಬೇಕು. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 5 ಮಿಲಿಗ್ರಾಂ ಮಾತ್ರೆ, ಅಂದರೆ ಹೆಚ್ಚಿನವರಿಗೆ ಬೇಕಾದ್ದರ ಹನ್ನೆರಡು ಪಟ್ಟಿಗಿಂತ ಹೆಚ್ಚು. ಅದು ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಡಾಕ್ಟರು ನೋಡಿ ಹೇಳಬೇಕು. ಇನ್ನೊಂದು ಕಾರಣವೂ ಇದೆ. ಫೋಲೇಟ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಅದಕ್ಕೆ ಬಿ12 ಜೊತೆಯಾಗಬೇಕು. ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಿಂದ ಮಾತ್ರ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ನಮ್ಮವರು ಮಿಷನ್ ಆಸ್ಪತ್ರೆ ಅನ್ನುವಲ್ಲಿ, ತೊಂಬತ್ತರ ದಶಕದ ಕೊನೆಯಲ್ಲಿ ಬಸುರಿಯರ ಮೇಲೆ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಅವರಲ್ಲಿ ಫೋಲೇಟ್ ಕಡಿಮೆಯಿದ್ದವರು ನೂರಕ್ಕೆ 4. ಬಿ12 ಕಡಿಮೆಯಿದ್ದವರು ನೂರಕ್ಕೆ 43! ಬರೀ ಸಸ್ಯಾಹಾರ ಉಣ್ಣುವ, ಹಾಲನ್ನೂ ಕಾಫಿಗೆ ಬೇಕಾದಷ್ಟೇ ಬಳಸುವ ಮನೆಗಳ ಹೆಣ್ಣುಮಕ್ಕಳು ಇದನ್ನು ಮರೆಯಬಾರದು. ಬಿ12 ಕೊರತೆ ಇದೆಯೇ ಎಂದು ನೋಡದೆ ಬರೀ ಫೋಲಿಕ್ ಆಸಿಡ್ ದೊಡ್ಡ ಪ್ರಮಾಣದಲ್ಲಿ ನುಂಗುತ್ತಾ ಹೋದರೆ, ರಕ್ತ ಸರಿಯಾದಂತೆ ಕಂಡರೂ ನರಗಳಿಗೆ ಆಗುವ ಹಾನಿ ಒಳಗೊಳಗೇ ಮುಂದುವರಿಯಬಹುದು.

ಡಾಕ್ಟರ ಬಳಿ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳ ಸ್ಟ್ರಿಪ್ಪುಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಹೆಸರು ನೆನಪಿಟ್ಟುಕೊಂಡು ಹೇಳುತ್ತೇನೆ ಎಂದರೆ ಒಂದೋ ಎರಡೋ ತಪ್ಪಿಹೋಗುತ್ತದೆ, ತಪ್ಪಿಹೋದದ್ದೇ ಮುಖ್ಯದ್ದಾಗಿರಬಹುದು. ಫಿಟ್ಸ್‌ಗೆ, ಕೆಲವೊಮ್ಮೆ ಮನಸ್ಸಿನ ಕಾಯಿಲೆಗೂ ಕೊಡುವ ವ್ಯಾಲ್ಪ್ರೊಯೇಟ್ ಅಂಥದ್ದು. ಬಸಿರಿನಲ್ಲಿ ಅದನ್ನು ತೆಗೆದುಕೊಂಡವರ ಮಕ್ಕಳಲ್ಲಿ ಹತ್ತಕ್ಕೆ ಒಂದಕ್ಕೆ ದೊಡ್ಡ ಅಂಗದೋಷ ಕಾಣುತ್ತದೆ. ತೆರೆದ ಬೆನ್ನೂ ಅದರಲ್ಲಿ ಸೇರಿದೆ. ನೂರಕ್ಕೆ ಮೂವತ್ತು ನಲವತ್ತು ಮಕ್ಕಳ ಮಾತು, ಕಲಿಕೆ ಹಿಂದೆ ಬೀಳುತ್ತದೆ. ಇದನ್ನು ಓದಿ ಯಾರೂ ಗಾಬರಿಯಿಂದ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ದಯವಿಟ್ಟು. ಹಠಾತ್ತನೆ ನಿಲ್ಲಿಸಿ ಜೋರಾಗಿ ಫಿಟ್ಸ್ ಬಂದರೆ ತಾಯಿಯ ಜೀವಕ್ಕೇ ಅಪಾಯ. ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಮ್‌ನಂಥ ಬೇರೆ ಮಾತ್ರೆಗಳಿವೆ. ನರರೋಗ ತಜ್ಞರು ಒಂದನ್ನು ನಿಧಾನವಾಗಿ ಇಳಿಸಿ ಇನ್ನೊಂದನ್ನು ಏರಿಸುತ್ತಾರೆ. ಅದಕ್ಕೆ ತಿಂಗಳುಗಟ್ಟಲೆ ಬೇಕು. ಬಸಿರು ನಿಂತ ಮೇಲೆ ಅಷ್ಟು ಸಮಯ ಎಲ್ಲಿಂದ ಬರಬೇಕು? ಹಟಮಾರಿ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಗುಳಿಗೆಯೂ ಭ್ರೂಣಕ್ಕೆ ಬಹಳ ಅಪಾಯಕಾರಿ. ಅದನ್ನು ನಿಲ್ಲಿಸಿ ಒಂದು ತಿಂಗಳಾದರೂ ಕಳೆದಿರಬೇಕು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಅಮಿನಾಪ್ಟರಿನ್‌ನ ಹತ್ತಿರದ ಸಂಬಂಧಿ, ಅದೂ ಫೋಲೇಟಿನ ಎದುರಾಳಿಯೇ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳನ್ನೂ ಬದಲಿಸಬೇಕಾಗುತ್ತದೆ.

ಥೈರಾಯ್ಡ್ ಮಾತ್ರೆಯ ಮಾತು ಇದಕ್ಕೆ ತದ್ವಿರುದ್ಧ. ಅದನ್ನು ನಿಲ್ಲಿಸಲೇಬಾರದು, ಹೆಚ್ಚಿಸಬೇಕು. ಮಗುವಿನ ಸ್ವಂತ ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸತೊಡಗುವುದು ಸುಮಾರು ಮೂರು ತಿಂಗಳು ತುಂಬುವ ಹೊತ್ತಿಗೆ. ಅಲ್ಲಿಯವರೆಗೂ ಮಿದುಳಿನ ಬೆಳವಣಿಗೆಗೆ ಬೇಕಾದ ಥೈರಾಕ್ಸಿನ್ ಪೂರ್ತಿ ಅಮ್ಮನದ್ದೇ. ಆದ್ದರಿಂದ ಮಾತ್ರೆ ತೆಗೆದುಕೊಳ್ಳುತ್ತಿರುವ ಹೆಂಗಸಿಗೆ ಬಸಿರು ನಿಂತ ಮೊದಲ ವಾರಗಳಲ್ಲೇ ಪ್ರಮಾಣವನ್ನು ಹೆಚ್ಚುಕಡಿಮೆ ಕಾಲುಭಾಗ ಏರಿಸಬೇಕಾಗುತ್ತದೆ. ಮೊದಲೇ ಡಾಕ್ಟರನ್ನು ಕಂಡಿದ್ದರೆ ‘ಕಿಟ್‌ನಲ್ಲಿ ಎರಡು ಗೆರೆ ಬಂದ ದಿನದಿಂದಲೇ ಇಷ್ಟು ಹೆಚ್ಚಿಸಿಕೊಳ್ಳಿ, ಆಮೇಲೆ ಬಂದು ನನ್ನನ್ನು ನೋಡಿ’ ಎಂದು ಹೇಳಿಟ್ಟಿರುತ್ತಾರೆ.

ಸಕ್ಕರೆ ಕಾಯಿಲೆ ಇರುವವರಿಗೂ ಇದೇ ಮಾತು. ಬಸಿರಿನಲ್ಲಿ ಬರುವ ಶುಗರ್ ಬಗ್ಗೆ ಈಗ ಎಲ್ಲರಿಗೂ ಗೊತ್ತು. ಅದು ಸಾಮಾನ್ಯವಾಗಿ ಬಸಿರಿನ ಎರಡನೆಯ ಅರ್ಧದಲ್ಲಿ ಕಾಣಿಸಿಕೊಳ್ಳುವಂಥದ್ದು. ಬಸಿರಿಗೆ ಮೊದಲೇ ಇರುವ ಶುಗರ್ ಬೇರೆ. ಮಗುವಿನ ಹೃದಯದ ಕೋಣೆಗಳು, ಬೆನ್ನೆಲುಬು ರೂಪುಗೊಳ್ಳುವ ವಾರಗಳಲ್ಲೇ ಅಮ್ಮನ ರಕ್ತದಲ್ಲಿ ಸಕ್ಕರೆ ಏರಿದ್ದರೆ ಅಂಗದೋಷದ ಅಪಾಯ ಏರುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ 6.5ಕ್ಕಿಂತ ಕೆಳಗೆ ಬಂದ ಮೇಲೆ ಗರ್ಭ ಧರಿಸಿ ಎನ್ನುತ್ತಾರೆ ತಜ್ಞರು. ಇಪ್ಪತ್ತು ಮೂವತ್ತರ ವಯಸ್ಸಿನಲ್ಲೇ ಶುಗರ್ ಬರುತ್ತಿರುವ ನಮ್ಮ ಕಾಲದಲ್ಲಿ, ಅಪ್ಪ ಅಮ್ಮನಿಗೆ ಕಾಯಿಲೆ ಇದ್ದವರು ತಮಗಿಲ್ಲವೆಂದು ಊಹಿಸಿಕೊಂಡು ಕೂರುವಂತಿಲ್ಲ.

ಕೆಲವು ಕೆಲಸಗಳನ್ನಂತೂ ಬಸಿರಾದ ಮೇಲೆ ಮಾಡಲು ಬರುವುದೇ ಇಲ್ಲ. ರುಬೆಲ್ಲಾ ಲಸಿಕೆ ಅದಕ್ಕೆ ಒಳ್ಳೆಯ ಉದಾಹರಣೆ. 1941ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ಡಾಕ್ಟರ ಬಳಿಗೆ ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆಯಿದ್ದ ಕೂಸುಗಳು ಒಂದರ ಹಿಂದೊಂದು ಬರತೊಡಗಿದವು. ಹೊರಗೆ ಕಾಯುತ್ತಾ ಕುಳಿತ ತಾಯಂದಿರು, ಬಸಿರಿನ ಮೊದಲ ತಿಂಗಳುಗಳಲ್ಲಿ ತಮಗೆ ಮೈಮೇಲೆ ದದ್ದುಗಳೆದ್ದು ಜ್ವರ ಬಂದಿತ್ತೆಂದು ಮಾತಾಡಿಕೊಳ್ಳುತ್ತಿದ್ದುದು ಅವರ ಕಿವಿಗೆ ಬಿತ್ತು ಎನ್ನುತ್ತಾರೆ. ದೊಡ್ಡವರಿಗೆ ಮೂರೇ ದಿನದಲ್ಲಿ ವಾಸಿಯಾಗುವ ಆ ರುಬೆಲ್ಲಾ ಜ್ವರ ಭ್ರೂಣದ ಕಣ್ಣು, ಕಿವಿ, ಹೃದಯವನ್ನು ಹಾಳುಮಾಡುತ್ತದೆಂದು ಜಗತ್ತಿಗೆ ತಿಳಿದದ್ದು ಗ್ರೆಗ್ ಅವರಿಂದ. ಈಗ ಲಸಿಕೆ ಇದೆ. ಅದರಲ್ಲಿರುವುದು ಜೀವಂತ, ದುರ್ಬಲಗೊಳಿಸಿದ ವೈರಸ್ ಆದ್ದರಿಂದ ಬಸುರಿಯರಿಗೆ ಕೊಡುವಂತಿಲ್ಲ. ಹಾಕಿಸಿಕೊಂಡ ಮೇಲೂ ಒಂದು ತಿಂಗಳು ಬಸಿರು ಮುಂದೂಡಬೇಕು. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ಶಾಲೆ ಶಾಲೆಗೂ ಹೋಗಿ ದಡಾರ-ರುಬೆಲ್ಲಾ ಲಸಿಕೆ ಹಾಕಿದ್ದು ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ. ಆಗ ಕಾಲೇಜಿನಲ್ಲಿದ್ದ ಹುಡುಗಿಯರಿಗೆ ಅದು ಸಿಗಲಿಲ್ಲ. ಈಗ ತಾಯಂದಿರಾಗುತ್ತಿರುವವರಲ್ಲಿ ಬಹಳ ಮಂದಿ ಅವರೇ.

ರಕ್ತದ ಇನ್ನೊಂದು ಪರೀಕ್ಷೆ ಗಂಡ ಹೆಂಡತಿ ಇಬ್ಬರಿಗೂ ಸೇರಿದ್ದು. ಥಲಸ್ಸೇಮಿಯಾ ರೋಗದ ವಾಹಕರು ನೋಡಲು ಪೂರ್ತಿ ಆರೋಗ್ಯವಂತರು. ಒಬ್ಬರೇ ವಾಹಕರಾದರೆ ಮಗುವಿಗೆ ಆ ರೋಗ ಬರುವುದಿಲ್ಲ. ಇಬ್ಬರೂ ಆಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕಕ್ಕೆ ಒಂದು ಪಾಲು ಸಂಭವ. ಅಂಥ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು, ಬದುಕಿಡೀ. ಮೊದಲೇ ಗೊತ್ತಾದರೆ ಎದುರಿಗೆ ಹಲವು ದಾರಿಗಳಿವೆ, ಯೋಚಿಸಲು ಸಮಯವೂ ಇದೆ. ಕುಡುಗೋಲುಕಣ ರಕ್ತಹೀನತೆಯೂ ಇದೇ ರೀತಿ ಬರುವಂಥದ್ದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಅದು ಇರುವುದು ಹಿಂದೆಯೇ ಪತ್ತೆಯಾಗಿದೆ. 2023ರ ಜುಲೈಯಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬುಡಕಟ್ಟು ಜನರಿಗೆ ಈ ಪರೀಕ್ಷೆ ಉಚಿತ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ನಮ್ಮಲ್ಲಿ ಕಡಿಮೆಯೇನಲ್ಲ. ಕರ್ನಾಟಕದ ಸುಮಾರು ಕಾಲುಭಾಗ ಮದುವೆಗಳು ನೆಂಟರೊಳಗೇ ಆದವು. ಅತ್ತೆ ಮಗ, ಮಾವನ ಮಗಳಾದರೆ ಇಬ್ಬರ ವಂಶವಾಹಿಗಳಲ್ಲಿ ಎಂಟರಲ್ಲೊಂದು ಭಾಗ ಒಂದೇ, ಸೋದರಮಾವನಾದರೆ ನಾಲ್ಕರಲ್ಲೊಂದು. ಯಾವುದೇ ದಂಪತಿಗೆ ಅಂಗದೋಷದ ಮಗು ಹುಟ್ಟುವ ಸಂಭವ ನೂರಕ್ಕೆ ಎರಡು ಮೂರು. ಅತ್ತೆ-ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಅದಕ್ಕೆ ಇನ್ನೆರಡು ಮೂರು ಸೇರುತ್ತದೆ. ಅಂದರೆ ಬಹುಪಾಲು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ಇಂಥ ದಂಪತಿಯನ್ನು ಬೈಯುವ ಡಾಕ್ಟರಿಂದ ಏನೂ ಉಪಯೋಗವಿಲ್ಲ. ಅಜ್ಜಿ, ದೊಡ್ಡಮ್ಮಂದಿರನ್ನು ಕೂರಿಸಿಕೊಂಡು ಮನೆತನದಲ್ಲಿ ಎಳವೆಯಲ್ಲೇ ತೀರಿಕೊಂಡ, ಮಾತು ಬಾರದ, ಕಿವಿ ಕೇಳದ ಮಕ್ಕಳು ಇದ್ದರೇ ಎಂದು ಮೆತ್ತಗೆ ಕೇಳಿ, ವಂಶವೃಕ್ಷ ಬರೆಯುವವರು ಬೇಕು.

ಡಾಕ್ಟರ ಬಳಿಗೆ ಗಂಡನೂ ಬರಬೇಕು ಎನ್ನಲು ರಕ್ತಪರೀಕ್ಷೆ, ವಂಶವೃಕ್ಷಗಳಷ್ಟೇ ಕಾರಣವಲ್ಲ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ. ಇವತ್ತು ಬಿಟ್ಟ ಸಿಗರೇಟು, ಗುಟ್ಕಾದ ಫಲ ಕಾಣುವುದು ಅದಾದ ಮೇಲೆ. ಜಿಮ್ಮಿಗೆ ಹೋಗುವ ಹುಡುಗರು ಮಾಂಸಖಂಡ ಬೆಳೆಸಲು ಟೆಸ್ಟೊಸ್ಟೆರೋನ್ ಚುಚ್ಚಿಸಿಕೊಳ್ಳುವುದುಂಟು. ಹೊರಗಿನಿಂದ ಬಂದ ಹಾರ್ಮೋನನ್ನು ಕಂಡು ಮಿದುಳು ವೃಷಣಕ್ಕೆ ಕಳಿಸುವ ಆಜ್ಞೆಯನ್ನೇ ನಿಲ್ಲಿಸುತ್ತದೆ, ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು. ಇದು ಯಾರಿಗೂ ಹೇಳಿಕೊಳ್ಳದ ವಿಷಯವಾದ್ದರಿಂದ ಹೆಂಡತಿಗೆ ವರ್ಷಗಟ್ಟಲೆ ಪರೀಕ್ಷೆಗಳಾಗುತ್ತವೆ, ಹರಕೆಗಳಾಗುತ್ತವೆ. ಆ ಅನ್ಯಾಯ ನಿಲ್ಲಬೇಕು.

ಎಷ್ಟು ಮುಂಚಿತವಾಗಿ ಹೋಗಬೇಕು? ಮೂರು ತಿಂಗಳು ಎಂದು ಡಾಕ್ಟರು ಹೇಳುವುದಕ್ಕೆ ಮುಂಬಯಿಯಲ್ಲೇ ನಡೆದ ಇನ್ನೊಂದು ಪ್ರಯೋಗ ಒಂದಿಷ್ಟು ಬಲ ಕೊಡುತ್ತದೆ. 2006ರಿಂದ ಕೆಲವು ವರ್ಷ ಅಲ್ಲಿನ ಕೊಳೆಗೇರಿಗಳ ಹೆಂಗಸರಿಗೆ, ಬಸಿರಾಗುವ ಮೊದಲಿಂದಲೇ ದಿನಕ್ಕೊಂದು ತಿಂಡಿ ಕೊಟ್ಟರು. ಸಮೋಸ, ಭಜಿಯಂಥ ತಿಂಡಿಗಳೇ, ಆದರೆ ಒಳಗೆ ಸೊಪ್ಪು, ಹಣ್ಣು, ಹಾಲಿನ ಪುಡಿ. ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಬೇರೆ ತಿಂಡಿ. ಎಲ್ಲರನ್ನೂ ಸೇರಿಸಿ ನೋಡಿದಾಗ ಹುಟ್ಟಿದ ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಗರ್ಭ ಕಟ್ಟುವುದಕ್ಕೆ ಮೂರು ತಿಂಗಳು ಮೊದಲಾದರೂ ತಿಂಡಿ ಶುರುಮಾಡಿದ್ದವರ ಮಕ್ಕಳು ಮಾತ್ರ ಸರಾಸರಿ 48 ಗ್ರಾಂ ಹೆಚ್ಚು ತೂಗಿದರು. ಬಸಿರಿನ ಶುಗರ್ ಕೂಡ ಕಡಿಮೆಯಾಗಿತ್ತು: ಬೇರೆ ತಿಂಡಿ ತಿಂದವರಲ್ಲಿ ನೂರಕ್ಕೆ 12.4, ಇವರಲ್ಲಿ 7.3. ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅದನ್ನು ತುಂಬಿಕೊಳ್ಳಲೂ ಮಾತ್ರೆ ನುಂಗುತ್ತಾ ಎರಡು ಮೂರು ತಿಂಗಳು ಬೇಕು.

ಹೇಳಿದ್ದೆಲ್ಲ ಮಗು ಯಾವಾಗ ಎಂದು ಯೋಚಿಸಿ ನಿರ್ಧರಿಸುವವರಿಗೆ ಆಯಿತು. ಜಗತ್ತಿನ ಬಸಿರುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹಾಗೆ ನಿರ್ಧರಿಸಿ ಆದವಲ್ಲ. ಅದಕ್ಕೇ ಅಮೆರಿಕ 1998ರಿಂದ ಹಿಟ್ಟಿಗೇ ಫೋಲಿಕ್ ಆಸಿಡ್ ಸೇರಿಸುವುದನ್ನು ಕಡ್ಡಾಯ ಮಾಡಿತು, ಹಲವು ದೇಶಗಳು ಅದನ್ನು ಅನುಸರಿಸಿದವು. ಬಸಿರು ಗೊತ್ತಾಗಿ, ಈ ಪುಟ ಓದಿ ಎದೆ ಧಸಕ್ಕೆಂದವರು ಅಂಜಬೇಕಾಗಿಲ್ಲ. ಮಾತ್ರೆ ತೆಗೆದುಕೊಳ್ಳದವರಲ್ಲೂ ಹೆಚ್ಚಿನವರ ಮಕ್ಕಳು ಸರಿಯಾಗಿಯೇ ಹುಟ್ಟುತ್ತಾರೆ. ಇವತ್ತೇ ಹೋಗಿ ಡಾಕ್ಟರನ್ನು ಕಾಣಿ, ಹದಿನೆಂಟು ಇಪ್ಪತ್ತು ವಾರಕ್ಕೆ ಮಾಡುವ ಸ್ಕ್ಯಾನ್ ತಪ್ಪಿಸಬೇಡಿ.

ಒಮ್ಮೆ ಇಂಥ ಮಗುವನ್ನು ಕಳೆದುಕೊಂಡ ತಾಯಿಯ ಬಗ್ಗೆ ಮಾತ್ರ ನನಗೆ ಸಂಕಟವಾಗುತ್ತದೆ. 1991ರ ಪ್ರಯೋಗ ನಡೆದದ್ದೇ ಅವಳಂಥವರಿಗಾಗಿ. ಉತ್ತರ ಸಿಕ್ಕಿ ಮೂವತ್ತು ವರ್ಷ ದಾಟಿದೆ, ಮಾತ್ರೆಗೆ ಕೆಲವೇ ರೂಪಾಯಿ. ಆದರೂ ಅವಳನ್ನು ಮನೆಗೆ ಕಳಿಸುವಾಗ ‘ದೇವರು ಇನ್ನೊಂದು ಕೊಡ್ತಾನಮ್ಮ’ ಎಂದು ಸಮಾಧಾನ ಹೇಳಿ ಸುಮ್ಮನಾಗುವವರೇ ಹೆಚ್ಚು. ಅವಳ ಡಿಸ್ಚಾರ್ಜ್ ಕಾರ್ಡಿನಲ್ಲಿ, ಕನ್ನಡದಲ್ಲಿ, ಎದ್ದು ಕಾಣುವ ಅಕ್ಷರದಲ್ಲಿ ಬರೆದಿರಬೇಕು: ಮುಂದಿನ ಮಗುವಿಗೆ ಪ್ರಯತ್ನಿಸುವ ಮೊದಲೇ ಬಂದು ಡಾಕ್ಟರನ್ನು ಕಾಣಬೇಕು, ಹೆಚ್ಚು ಪ್ರಮಾಣದ ಫೋಲಿಕ್ ಆಸಿಡ್ ಆಗಲೇ ಶುರುವಾಗಿರಬೇಕು. ಬರೆದದ್ದನ್ನು ನರ್ಸು ಅವಳಿಗೂ, ಜೊತೆಗೆ ಬಂದ ಗಂಡನಿಗೂ, ಅತ್ತೆಗೂ ಓದಿ ಹೇಳಬೇಕು.